ಉಂಡಿ ಡಬ್ಬಿಗೆ ಕಟ್ಟಿದ ಎಳೆ

ಶ್ರಾವಣ ಬಂದಿತೆಂದರೆ ಇಳಕಲ್ಲಿನಲ್ಲಿ ಅಮಾತೆಪ್ಪನ ಮುಖವನ್ನು ಯಾರೂ ನೇರವಾಗಿ ನೋಡುತ್ತಿರಲಿಲ್ಲ. ಮೊದಲು ಮೀಸೆ ನೋಡುತ್ತಿದ್ದರು. ಅದರಲ್ಲಿ ಎಳ್ಳಿನ ಕಾಳೋ ರವೆಯ ಹರಳೋ ಸಿಕ್ಕಿಕೊಂಡಿಲ್ಲ ಎಂದು ಖಾತ್ರಿಯಾದ ಮೇಲೆಯೇ ಮುಂದಿನ ಮಾತು. ಊಟವಾಯಿತೇ ಎನ್ನಲು ಆ ಕಡೆ "ಉಂಡಿ?" ಎಂದರೆ ಸಾಕು. ಬೇರೆಯವರಿಗೆ ಅದು ಕುಶಲಪ್ರಶ್ನೆ. ಪಂಚಮಿಯ ಸಿಹಿ ಉಂಡಿಗಳ ಕಾಲದಲ್ಲಿ ಅಮಾತೆಪ್ಪನಿಗೆ ಮಾತ್ರ ಅದು ಆರೋಪಪಟ್ಟಿ.

ಅವನಿಗೆ ಐವತ್ತನಾಲ್ಕು. ಹನ್ನೆರಡನೇ ವಯಸ್ಸಿಗೆ ತಂದೆಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತವನು ಅಲ್ಲಿಂದ ಎದ್ದದ್ದು ಮದುವೆಗೆ, ಮಗಳ ಮದುವೆಗೆ, ಮತ್ತೆ ಊಟಕ್ಕೆ. ಸಣಕಲು ಮೈ, ಉದ್ದನೆಯ ಬೆರಳು. ನೋಡಿದವರು ಇವನು ಉಪವಾಸದ ಆಸಾಮಿ ಎನ್ನಬೇಕು. ವರ್ಷದ ಒಂಬತ್ತು ತಿಂಗಳು ಹಾಗೆಯೇ ಇದ್ದ: ಎರಡು ರೊಟ್ಟಿ, ಒಂದು ಹಿಡಿ ಅನ್ನ, ಮೇಲೆ ಮಜ್ಜಿಗೆ. ಪಂಚಮಿಯಿಂದ ದೀಪಾವಳಿಯವರೆಗೆ ಮಾತ್ರ ಅವನ ಕೈ ಅವನ ಮಾತು ಕೇಳುತ್ತಿರಲಿಲ್ಲ. ಲಾಳಿ ಒಂದು ದಡಿಯಿಂದ ಇನ್ನೊಂದು ದಡಿಗೆ ಹೋಗಿ ಬರುವ ಹಾಗೆ ಕೈ ಡಬ್ಬಿಗೂ ಬಾಯಿಗೂ ನಡುವೆ ಓಡಾಡುತ್ತಿತ್ತು. ಮೊದಲ ಉಂಡಿಗೆ ರುಚಿ ಇರುತ್ತಿತ್ತು. ಆಮೇಲಿನವುಗಳಿಗೆ ಅದೂ ಇಲ್ಲ. ನಿಲ್ಲಿಸಲಾಗಲಿಲ್ಲವಲ್ಲ ಎಂಬ ಸಿಟ್ಟಿಗೆ ಒಂದು, ಇಷ್ಟು ತಿಂದೆನಲ್ಲ ಎಂಬ ನಾಚಿಕೆಗೆ ಇನ್ನೊಂದು. ಯಾವಾಗಲೂ ನಿಂತುಕೊಂಡು, ಬಾಗಿಲಿಗೆ ಬೆನ್ನು ಹಾಕಿ, ಬೇಗ ಬೇಗ. ತಟ್ಟೆಯಲ್ಲಿ ಹಾಕಿಕೊಟ್ಟದ್ದನ್ನು ಅವನು ತಿಂದದ್ದು ಕಡಿಮೆ. ಮುಚ್ಚಿಟ್ಟದ್ದನ್ನು ಬಿಟ್ಟದ್ದು ಇನ್ನೂ ಕಡಿಮೆ.

ಅವನ ಈ ಕೀರ್ತಿ ತಾಲ್ಲೂಕಿನ ಗಡಿ ದಾಟಿದ್ದು ಹನ್ನೊಂದು ವರ್ಷಗಳ ಹಿಂದೆ. ಬಾದಾಮಿಯಲ್ಲಿದ್ದ ತಂಗಿಯ ಮನೆಗೆ ಪಂಚಮಿ ಉಂಡಿ ಕೊಟ್ಟು ಬಾ ಎಂದು ಹೆಂಡತಿ ಸುನಂದಾ ದೊಡ್ಡ ಡಬ್ಬಿಯೊಂದನ್ನು ಅವನ ತೊಡೆಯ ಮೇಲಿಟ್ಟು ಬಸ್ಸು ಹತ್ತಿಸಿದಳು. ಹುನಗುಂದ ಬರುವಷ್ಟರಲ್ಲಿ ಮೇಲಿನ ಪದರ ಹೋಯಿತು, ಅಮೀನಗಡಕ್ಕೆ ನಡುವಿನದು, ಗುಳೇದಗುಡ್ಡ ದಾಟಿದ ಮೇಲೆ ತಳ ಕಾಣಿಸಿತು. ತಂಗಿ ಮುಚ್ಚಳ ತೆಗೆದು ಒಳಗೆ ನೋಡಿದಳು, ಅಣ್ಣನ ಮುಖ ನೋಡಿದಳು, "ಅಣ್ಣಾ, ಡಬ್ಬಿ ಭಾಳ ಛಲೋ ಐತಿ. ಎಲ್ಲಿ ತಗೊಂಡ್ರಿ?" ಎಂದಳು. ಆ ಮಾತು ಈಗಲೂ ಬೀಗರ ಮನೆಗಳಲ್ಲಿ ಕೈಯಿಂದ ಕೈಗೆ ದಾಟುತ್ತಿದೆ. ಉಂಡಿಗಳಿಗೆ ಆ ಭಾಗ್ಯ ಇರಲಿಲ್ಲ.

ಇದೆಲ್ಲ ನಗೆಯಲ್ಲೇ ಕಳೆಯುತ್ತಿತ್ತೇನೋ. ಆದರೆ ನಲವತ್ತೆಂಟಕ್ಕೆ ಸಕ್ಕರೆ ಕಾಯಿಲೆ ಬಂತು, ಐವತ್ತೆರಡಕ್ಕೆ ಎರಡೂ ಕಣ್ಣಿಗೆ ಪೊರೆ ಬಂತು. ಪಂಚಮಿಯ ನಾಗಪ್ಪನಾದರೆ ಯಾವುದೋ ಕಲ್ಲಿಗೆ ಮೈ ಉಜ್ಜಿ ತನ್ನ ಪೊರೆಯನ್ನು ತಾನೇ ಕಳಚಿಕೊಳ್ಳುತ್ತಾನೆ. ಅಮಾತೆಪ್ಪನಿಗೆ ಬಾಗಲಕೋಟೆಯ ಡಾಕ್ಟರೇ ಬೇಕಾಗಿತ್ತು. ಸೀರೆಯ ಒಡಲನ್ನು ಅವನು ಹೇಗೋ ನೇಯುತ್ತಿದ್ದ. ನಲವತ್ತು ವರ್ಷದ ಅಭ್ಯಾಸಕ್ಕೆ ಕಣ್ಣಿನ ಹಂಗಿಲ್ಲ. ಆದರೆ ಇಳಕಲ್ ಸೀರೆಯ ಜೀವ ಇರುವುದು ಒಡಲಿನ ಹತ್ತಿಯ ಎಳೆಗೆ ಸೆರಗಿನ ರೇಷ್ಮೆಯ ಎಳೆಯನ್ನು ಒಂದೊಂದಾಗಿ ಸೇರಿಸುವ ಕೆಲಸದಲ್ಲಿ. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಒಂದು ಎಳೆ ತಪ್ಪಿದರೂ ಸೆರಗು ಓರೆಯಾಗುತ್ತದೆ. ಎರಡು ವರ್ಷದಿಂದ ಆ ಕೆಲಸ ಸುನಂದಾಳ ಪಾಲಿಗೆ ಬಿದ್ದಿತ್ತು. ಮನೆಗೆಲಸ ಮುಗಿಸಿ, ಮಧ್ಯಾಹ್ನ ಎಲ್ಲರೂ ಒರಗಿದ ಹೊತ್ತಿನಲ್ಲಿ ಅವಳೊಬ್ಬಳೇ ಸೆರಗಿನ ಮುಂದೆ ಕುತ್ತಿಗೆ ಬಗ್ಗಿಸಿ ಕೂರುತ್ತಿದ್ದಳು.

ಡಾಕ್ಟರು ಎರಡು ಸಲ ಅಮಾತೆಪ್ಪನನ್ನು ವಾಪಸ್ ಕಳಿಸಿದ್ದರು. ಮೂರು ತಿಂಗಳ ಸಕ್ಕರೆ ಒಟ್ಟಿಗೆ ಹೇಳುವ ರಕ್ತಪರೀಕ್ಷೆ ಒಂದಿದೆ. ಹಿಂದಿನ ದಿನ ಉಪವಾಸ ಮಾಡಿ ಅದನ್ನು ಮೋಸಗೊಳಿಸಲು ಬರುವುದಿಲ್ಲ. ಅಮಾತೆಪ್ಪ ಅದನ್ನೂ ಪ್ರಯತ್ನಿಸಿ ನೋಡಿದ್ದ. ಯುಗಾದಿ ಕಳೆದ ಮೇಲೆ ಹೋದಾಗ ಡಾಕ್ಟರು ಹೇಳಿದರು: "ನೋಡ್ರಿ, ಶ್ರಾವಣದ ಕಡೀ ಸೋಮವಾರ ಬರ್ರಿ. ಸಕ್ಕರಿ ಇಳದಿದ್ರ ಆಪರೇಷನ್ ಮಾಡ್ತೇನಿ. ಇಳೀಲಿಲ್ಲಂದ್ರ ನಾ ಕೈ ಹಚ್ಚೂದಿಲ್ಲ. ಎಡಗಣ್ಣಿನ ಪೊರಿ ಬಲಿತು ಕಲ್ಲಾಗಾಕತ್ತೈತಿ. ಇನ್ನ ತಡಾ ಮಾಡಿದ್ರ ಆಮ್ಯಾಲೆ ಯಾರಿಂದನೂ ಆಗೂದಿಲ್ಲ."

ಶ್ರಾವಣದ ಕೊನೆಯ ಸೋಮವಾರ! ಆ ವೈದ್ಯರು ಬೇಕೆಂದೇ ಪಂಚಾಂಗ ನೋಡಿ ದಿನ ಕೊಟ್ಟಿರಬೇಕೆಂದು ಅಮಾತೆಪ್ಪನಿಗೆ ಗುಮಾನಿ. ರೊಟ್ಟಿ ಹಬ್ಬ, ಪಂಚಮಿ, ವಾರಗಟ್ಟಲೆ ಮನೆಯಿಂದ ಮನೆಗೆ ಉಂಡಿ ತಟ್ಟೆಗಳ ಓಡಾಟ, ಎಲ್ಲ ಮುಗಿದ ಮೇಲೆ ರಕ್ತ ತೆಗೆಯುತ್ತಾರಂತೆ.

ಆದರೂ ಈ ಸಲ ಅವನು ಗಟ್ಟಿ ಮನಸ್ಸು ಮಾಡಿದ. ಪಕ್ಕದ ಮನೆಯ ರಾಜಮಹ್ಮದ ಅವನ ಬಾಲ್ಯದ ಗೆಳೆಯ; ಮಗ್ಗಗಳಿಗೆ ಹಾಸು, ಅಂದರೆ ಉದ್ದನೆಯ ಎಳೆಗಳನ್ನು, ಹೂಡಿಕೊಡುವುದು ಅವನ ಕಸುಬು. ಹತ್ತು ವರ್ಷದ ಹಿಂದೆ ಬೀಡಿ ಬಿಟ್ಟವನಾದ್ದರಿಂದ ಚಟಗಳ ವಿಷಯದಲ್ಲಿ ಉಪದೇಶಿಸುವ ಹಕ್ಕು ಅವನಿಗಿತ್ತು.

"ಲೇ ಅಮಾತೆಪ್ಪ, ಬಿಡ್ತೇನಿ ಬಿಡ್ತೇನಿ ಅಂತ ಆಣಿ ಮಾಡಬ್ಯಾಡ. ನಿಂತ ತಿನ್ನೂದು ಬಿಡು, ಅಷ್ಟ. ಏನ ತಿಂದ್ರೂ ಕುಂತು, ತಾಟಿನಾಗ ಹಾಕ್ಕೊಂಡು, ಒಬ್ಬರ ಮುಂದ ತಿನ್ನು. ಯಾರೂ ಇಲ್ಲಂದ್ರ ನನ್ನ ಕರಿ."

"ನಿನ್ನ ಮುಂದ ಇಟ್ಟ ತಾಟಿನಾಗ ನನಗೇನ ಉಳಿತೈತಲೇ?"

"ಅದಕ್ಕ ಹೇಳಾಕತ್ತೇನಿ."

ಅಮಾತೆಪ್ಪ ಪಾಲಿಸಿದ. ಕೈಗೆ ಆಸೆ ಹತ್ತಿದಾಗಲೆಲ್ಲ ನೂಲಿನ ಉಂಡೆಯೊಂದನ್ನು ಹಿಡಿದು ಬಿಚ್ಚುತ್ತ ಸುತ್ತುತ್ತ ಕೂತ. ತಿನ್ನುವ ಉಂಡಿಯ ಬದಲು ಸುತ್ತುವ ಉಂಡೆ. ಮದುವೆಗಳಿಗೆ ಹೋಗಿ ಅನ್ನ-ಸಾರು ಉಂಡು ಬಂದ. ಹೆಂಡತಿಯ ಮುಂದೆ ಉಂಡ, ರಾಜಮಹ್ಮದನ ಮುಂದೆ ಉಂಡ, ಒಮ್ಮೆ ಯಾರೂ ಇಲ್ಲದಾಗ ಬೀದಿಯಲ್ಲಿ ಹೋಗುತ್ತಿದ್ದ ಸಕ್ರವ್ವ ಎಂಬ ಮುದುಕಿಯನ್ನು ಕರೆದು ಕೂರಿಸಿಕೊಂಡು ಎರಡು ಬಿಸ್ಕೀಟು ತಿಂದ. "ನನಗೊಂದು ಕೊಡಲಿಲ್ಲ ಮೂಳ, ನೋಡಾಕ ಕರದಿದ್ದ" ಎಂದು ಅವಳು ಊರೆಲ್ಲ ಹೇಳಿಕೊಂಡು ಬಂದಳು. ರೊಟ್ಟಿ ಹಬ್ಬ ದಾಟಿತು, ಪಂಚಮಿ ದಾಟಿತು. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಗುಳ್ಳಡಕಿ ಉಂಡಿ ಎಲ್ಲ ಕಣ್ಣ ಮುಂದೆ ಮೆರೆದು ಒಳಕೋಣೆಯ ದೊಡ್ಡ ಸ್ಟೀಲ್ ಡಬ್ಬಿ ಸೇರಿದವು. ನಾಗಪ್ಪನಿಗೆ ಹಾಲೆರೆದ ದಿನ ಸುನಂದಾ ತಟ್ಟೆಗೆ ಹಾಕಿಕೊಟ್ಟ ಒಂದೇ ಒಂದು ಎಳ್ಳುಂಡಿಯನ್ನು ಎಲ್ಲರ ಎದುರು, ಕುಳಿತು, ಅರ್ಧ ತಿಂದು ಅರ್ಧ ಬಿಟ್ಟ. ಆ ಅರ್ಧವನ್ನು ಬಿಟ್ಟ ಹೊತ್ತು ತನ್ನ ಬಾಳಿನ ದೊಡ್ಡ ಹೊತ್ತು ಎಂದು ಅವನಿಗೆ ಅನಿಸಿತು. ಬೇರೆ ಯಾರೂ ಗಮನಿಸಲಿಲ್ಲ.

ಕೆರೂರಿಗೆ ಕೊಟ್ಟಿದ್ದ ಮಗಳು ಶಿವಗಂಗಾ ಪಂಚಮಿಗೆ ತವರಿಗೆ ಬಂದವಳು ಹತ್ತು ದಿನ ಇದ್ದು ಹೊರಟಳು. ಅತ್ತೆಯ ಮನೆಗೆ ಉಂಡಿ ಕಟ್ಟಿಕೊಳ್ಳಲು ಒಳಕೋಣೆಗೆ ಹೋದವಳು ಡಬ್ಬಿಯನ್ನು ಎತ್ತಿಕೊಂಡೇ ಪಡಸಾಲೆಗೆ ಬಂದಳು.

"ಅಪ್ಪಾ, ಬಾಯಿ ತಗಿ."

"ಯಾಕವಾ?"

"ತಗಿ ಅಂದ್ನೆಲ್ಲ."

ಮಗಳು ಕೆರೂರಿನ ಸಾಲಿಯಲ್ಲಿ ಮಾಸ್ತರಿಣಿ. ಆ ದನಿಗೆ ಒಂದು ತರಗತಿಯೇ ಬಾಯಿ ತೆರೆಯುತ್ತದೆ. ಅಮಾತೆಪ್ಪನೂ ತೆರೆದ. ಅವಳು ಮೊಬೈಲಿನ ದೀಪ ಹಚ್ಚಿ ಒಳಗೆಲ್ಲ ನೋಡಿದಳು.

"ಶೇಂಗಾ ಉಂಡಿ ಒಂದೂ ಇಲ್ಲ. ರವಾ ಉಂಡಿ ತಳಕ್ಕ ನಾಕು ಅದಾವು. ನಮ್ಮತ್ತಿ ಮುಂದ ಏನ ಒಯ್ದು ಇಡ್ಲಿ ನಾ? ಡಬ್ಬಿ ಭಾಳ ಛಲೋ ಐತಿ ಅಂತ ಅವರೂ ಅನ್ಲೇನು?"

"ನಾ ಮುಟ್ಟಿಲ್ಲವಾ. ಖರೇನ ಹೇಳ್ತೇನಿ. ನಾಗಪ್ಪನ ಆಣಿ."

"ಹೋದ ವರ್ಷ ಯಾವ ದೇವರ ಆಣಿ ಮಾಡಿದ್ದಿ, ನೆನಪೈತಿ?"

ನೆನಪಿತ್ತು. ಹೋದ ವರ್ಷ ಇಷ್ಟಲಿಂಗವನ್ನೇ ಹಿಡಿದುಕೊಂಡು ಹೇಳಿದ್ದ, ಮೀಸೆಯಲ್ಲಿ ರವೆ ಇಟ್ಟುಕೊಂಡು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುನಂದಾ "ಹೋಗ್ಲಿ ಬಿಡವಾ, ಹಬ್ಬದಾಗ ಒಂದೀಟು ಹೆಚ್ಚು ಕಡಿಮಿ ಆಗತೈತಿ. ಎಳ್ಳುಂಡಿ ಒಯ್ಯಿ" ಎಂದಳು.

ಶಿವಗಂಗಾ ಎಳ್ಳುಂಡಿ ಕಟ್ಟಿಕೊಂಡು ಬಸ್ಸು ಹತ್ತಿದಳು. ಹತ್ತುವ ಮುಂಚೆ ಅಪ್ಪನ ಕಿವಿಯ ಹತ್ತಿರ, "ಕಣ್ಣು ನಿಂದು ಅಪ್ಪಾ, ನಂದಲ್ಲ" ಎಂದಳು. ಅಮಾತೆಪ್ಪನಿಗೆ ಬಾಯಿ ತೆಗೆಸಿದ್ದಕ್ಕಿಂತ ಹೆಚ್ಚು ನೋವಾದದ್ದು ಅದರಿಂದ. ಮೂರು ತಿಂಗಳು ತನ್ನ ಕೈಯೊಂದಿಗೆ ತಾನು ಹಿಡಿದ ಕುಸ್ತಿ ಇವರಾರಿಗೂ ಕಾಣಲಿಲ್ಲ. ಕಣ್ಣಿಗೆ ಪೊರೆ ಬಂದದ್ದು ಅವನಿಗೆ.

ಸಂಜೆ ರಾಜಮಹ್ಮದನ ಹತ್ತಿರ ಹೋಗಿ ಅಳಲು ತೋಡಿಕೊಂಡ. ರಾಜಮಹ್ಮದ ಹಾಸಿನ ಎಳೆ ಎಣಿಸುವುದನ್ನು ನಿಲ್ಲಿಸಿ ಗೆಳೆಯನ ಮೀಸೆ ನೋಡಿದ.

"ನೀನೂನ ಏನ್ಲೇ!"

"ಹಂಗಲ್ಲೋ. ನೀ ತಿಂದಿಲ್ಲಂತ ನೀ ಹೇಳ್ತಿ. ನಿನ್ನ ಕೈ ಏನ ಹೇಳ್ತೈತಿ? ಬಾದಾಮಿಗೆ ಹ್ವಾದಾಗ ಗುಳೇದಗುಡ್ಡಕ್ಕ ಹೋಗೂತನಕ ನಿನಗ ಗೊತ್ತ ಇರಲಿಲ್ಲ ಅಂದಿದ್ದೆಲ್ಲ."

ಈ ಮಾತು ಮುಳ್ಳಿನ ಹಾಗೆ ಒಳಗೆ ಕೂತುಬಿಟ್ಟಿತು. ಅಂದಿನಿಂದ ಅಮಾತೆಪ್ಪ ತನ್ನ ಮೇಲೆಯೇ ಸಂಶಯಪಡತೊಡಗಿದ. ಹೌದಲ್ಲ, ಎಷ್ಟೋ ಸಲ ತಿಂದು ಮುಗಿಸಿದ ಮೇಲೆಯೇ ತಿಂದದ್ದು ಗೊತ್ತಾಗಿದೆ. ಮಧ್ಯಾಹ್ನದ ಜೋಂಪಿನಲ್ಲಿ ಎದ್ದು ಹೋಗುತ್ತೇನೆಯೋ ಏನೋ. ಮಲಗಿ ಎದ್ದಾಗಲೆಲ್ಲ ಬೆರಳು ಮೂಸಿ ನೋಡಿಕೊಂಡ. ನೂಲಿನ ಗಂಜಿಯ ವಾಸನೆ. ಆದರೂ ನಂಬಿಕೆ ಬರಲಿಲ್ಲ, ಕೈ ತೊಳೆದುಕೊಂಡಿರಬಹುದು. ಕಳ್ಳನೂ ತಾನೇ, ಫೌಜದಾರನೂ ತಾನೇ ಆದರೆ ತನಿಖೆ ಹೇಗೆ ಮುಂದುವರಿಯುತ್ತದೆ?

ಇನ್ನೊಂದು ಸಂಗತಿಯೂ ಅವನನ್ನು ಚುಚ್ಚುತ್ತಿತ್ತು. ಸುನಂದಾ ಬೈದಿರಲಿಲ್ಲ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಒಂದು ಉಂಡಿ ಕಡಿಮೆಯಾದರೂ ಹಿಂದಿನ ಉಂಡಿಗಳನ್ನೆಲ್ಲ ಸೇರಿಸಿ ಬೈಯುತ್ತಿದ್ದವಳು ಈ ಸಲ ಅರ್ಧ ಡಬ್ಬಿಗೆ "ಹೋಗ್ಲಿ ಬಿಡು" ಎಂದಿದ್ದಳು. ಅಂದರೆ ತನ್ನ ಮೇಲೆ ಆಸೆಯನ್ನೇ ಬಿಟ್ಟಳು, ಕಣ್ಣು ಹೋದರೆ ಹೋಗಲಿ ಎಂದುಕೊಂಡಳು ಎಂದು ಅವನು ಅರ್ಥ ಮಾಡಿಕೊಂಡ.

ಕೊನೆಗೆ ತನ್ನನ್ನು ತಾನೇ ಹಿಡಿಯಲು ಒಂದು ಉಪಾಯ ಹೂಡಿದ. ಅಷ್ಟರಲ್ಲಿ ನೆರೆಮನೆಗಳಿಂದ ಬಂದ ಉಂಡಿಗಳಿಂದ ಡಬ್ಬಿ ಮತ್ತೆ ತುಂಬಿತ್ತು. ಪಂಚಮಿಯ ತಟ್ಟೆ ಖಾಲಿ ಬರಬಾರದು, ಖಾಲಿ ಹೋಗಬಾರದು. ಒಂದು ಬೆಳಿಗ್ಗೆ ಯಾರೂ ಇಲ್ಲದಾಗ ಒಳಕೋಣೆಗೆ ಹೋಗಿ, ಡಬ್ಬಿಯ ಚಿಲಕಕ್ಕೂ ಮುಚ್ಚಳಕ್ಕೂ ಸೇರಿಸಿ ಹಾಸಿನ ಹತ್ತಿಯ ಒಂಟಿ ಎಳೆಯೊಂದನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿದ. ಮುಚ್ಚಳ ತೆಗೆದರೆ ಎಳೆ ಹರಿಯಲೇಬೇಕು. ಕತ್ತಲ ಕೋಣೆ, ಬಿಳಿ ಎಳೆ, ನೇಕಾರರ ಮನೆ. ಅಂಥ ಮನೆಯಲ್ಲಿ ಕುರ್ಚಿಗೆ, ಚಪ್ಪಲಿಗೆ, ಚಹಾದ ಕಪ್ಪಿಗೆ ಕೂಡ ಎಲ್ಲಿಂದಲೋ ಒಂದು ಎಳೆ ಅಂಟಿಕೊಂಡಿರುತ್ತದೆ. ಯಾರೂ ಲಕ್ಷ್ಯ ಕೊಡುವುದಿಲ್ಲ. ತಾನು ಮಧ್ಯಾಹ್ನ ಮಲಗುವ ಮುಂಚೆ ಎರಡೂ ಕೈಗೆ ನೀಲಿ ಹಚ್ಚಿಕೊಂಡ. ಎಳೆ ಹರಿದು, ಡಬ್ಬಿಯ ಮೇಲೆ ನೀಲಿ ಕಂಡರೆ ಕಳ್ಳ ತಾನೇ. ಸುನಂದಾ "ಇದೇನ್ರಿ ಕೈಗೆ?" ಎಂದಳು. "ಬಣ್ಣ ಹತ್ತೈತಿ" ಎಂದ. ಅವಳೂ ಅವನನ್ನು ಒಂದು ನಮೂನೆ ನೋಡಿದಳು.

ಸಂಜೆ ರಾಜಮಹ್ಮದನನ್ನು ಕರೆದು ತೋರಿಸಿದ. ಡಬ್ಬಿಯ ಮೇಲೆ ನೀಲಿ ಇಲ್ಲ. ಎಳೆಯೂ ಇದ್ದಲ್ಲೇ ಇತ್ತು, ಬಿಗಿಯಾಗಿ.

"ನೋಡಲೇ, ಯಾರೂ ತಗದಿಲ್ಲ. ಇವತ್ತ ಯಾರೂ ತಿಂದಿಲ್ಲ" ಎಂದ ರಾಜಮಹ್ಮದ. ಡಬ್ಬಿ ಎತ್ತಿ ಇಡುವಾಗ ತಡೆದು, "ಆದ್ರ ಮುಂಜಾನಿ ಇಷ್ಟ ಹಗುರ ಇತ್ತೇನು?"

ಇರಲಿಲ್ಲ. ಬೆಳಿಗ್ಗೆ ಎರಡು ಕೈ ಬೇಕಾಗಿದ್ದ ಡಬ್ಬಿ ಈಗ ಒಂದೇ ಕೈಗೆ ಬಂತು.

ರಾಜಮಹ್ಮದ ಒಂದು ಹೆಜ್ಜೆ ಹಿಂದೆ ಸರಿದ. "ಲೇ, ಶ್ರಾವಣ ಐತಿ. ನಿಮ್ಮ ನಾಗಪ್ಪ ಏನಾರ..."

"ನಾಗಪ್ಪ ಹಾಲು ಕುಡಿತಾನ, ಉಂಡಿ ತಿನ್ನೂದಿಲ್ಲ. ನೀ ಮನಿಗೆ ನಡಿ."

ಒಬ್ಬನೇ ಉಳಿದ ಅಮಾತೆಪ್ಪ ನೆಲದ ಮೇಲೆ ಕೂತು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ. ಕಣ್ಣಿಗೆ ಆ ಎಳೆ ಹೊಗೆಯ ಗೆರೆಯಂತೆ ಕಾಣುತ್ತಿತ್ತು. ಕಣ್ಣು ಮುಚ್ಚಿ, ಹೆಬ್ಬೆರಳು ತೋರುಬೆರಳಿನ ನಡುವೆ ಎಳೆ ಹಿಡಿದು ಮೆಲ್ಲಗೆ ಸರಿಸುತ್ತ ಹೋದ. ತಾನು ಹಾಕಿದ ಗಂಟು ಸಿಕ್ಕಿತು: ಹತ್ತಿಯ ಗಂಟು, ಒಂದೇ ಸುತ್ತು, ಅಕ್ಕಿಕಾಳಿನಷ್ಟು ಬಾಲ. ಇನ್ನೂ ಸರಿಸಿದ. ಚಿಲಕದ ಹಿಂದೆ ಇನ್ನೊಂದು ಗಂಟು ಸಿಕ್ಕಿತು.

ಅದು ಅವನದಲ್ಲ. ಸಣ್ಣದು, ಗುಂಡಗೆ, ಬಾಲವೇ ಇಲ್ಲ. ಉಗುರಿನಿಂದ ಒತ್ತಿ ನೋಡಿದ. ಎರಡು ಸುತ್ತು.

ಹತ್ತಿಗೆ ಯಾರೂ ಎರಡು ಸುತ್ತು ಹಾಕುವುದಿಲ್ಲ, ಬೇಕಾಗುವುದಿಲ್ಲ. ರೇಷ್ಮೆ ಜಾರುತ್ತದೆ, ಅದಕ್ಕೆ ಎರಡು ಸುತ್ತು. ದಿನವೂ ರೇಷ್ಮೆಯ ಸೆರಗಿಗೆ ಕೊಂಡಿ ಹಾಕುವ ಕೈ ಮಾತ್ರ ಹತ್ತಿಗೂ ಮರೆತು ಎರಡು ಸುತ್ತು ಹಾಕುತ್ತದೆ. ಬೇರೆ ಯಾವ ಕಳ್ಳನಾದರೂ ಎಳೆ ಹರಿದದ್ದನ್ನು ನೋಡುತ್ತಲೇ ಇರಲಿಲ್ಲ, ನೋಡಿದರೂ ಕಿತ್ತೆಸೆಯುತ್ತಿದ್ದ. ಹರಿದ ಎಳೆ ಬೆರಳಿಗೆ ತಾಕಿದ ಕೂಡಲೇ ಗಂಟು ಹಾಕಿಬಿಡುವವರು ನೇಕಾರರು. ಅದು ಕಾವಲಿಗೆ ಕಟ್ಟಿದ್ದು ಎಂದು ಆ ಕೈಗೆ ಹೊಳೆದಿರಲೂ ಇಲ್ಲ. ಡಬ್ಬಿ ಮುಚ್ಚಿತು, ಹರಿದದ್ದನ್ನು ಕೂಡಿಸಿತು, ಹೋಗಿ ಮತ್ತೆ ಸೆರಗಿನ ಮುಂದೆ ಕೂತಿತು.

ಅಮಾತೆಪ್ಪನಿಗೆ ಮೊದಲು ಕುಣಿಯಬೇಕೆನಿಸಿತು. ಮಗ್ಗದ ಕುಣಿಯಲ್ಲೇ ಬಾಳು ಕಳೆದವನಿಗೆ ಅದೊಂದು ಬಾಕಿ ಇತ್ತು. ನಾ ಅಲ್ಲ! ನನ್ನ ಕೈ ಅಲ್ಲ! ಕೂಗಿ ರಾಜಮಹ್ಮದನನ್ನು ವಾಪಸ್ ಕರೆಯಲು ಬಾಯಿ ತೆರೆದ. ಅಷ್ಟರಲ್ಲಿ ಹೊರಗೆ ಸುನಂದಾ ಕೊಡದಿಂದ ನೀರು ಮೊಗೆದು ಗಟಗಟ ಕುಡಿದ ಸದ್ದು ಕೇಳಿಸಿತು. ಒಂದು ತಂಬಿಗೆ. ಮತ್ತೆ ಇನ್ನೊಂದು ತಂಬಿಗೆ. ಈ ಸದ್ದನ್ನು ಅವನು ಒಂದು ವರ್ಷದಿಂದ ಕೇಳುತ್ತಿದ್ದ, ಬಿಸಿಲಿಗೆ ಎಂದುಕೊಂಡಿದ್ದ. ಪಾದ ಉರಿಯುತ್ತವೆ ಎಂದು ಅವಳು ಅಂಗಾಲಿಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಕೆಲಸದ ದಣಿವು ಎಂದುಕೊಂಡಿದ್ದ. ಬಾಯಾರಿಕೆ, ಉರಿ, ದಣಿವು ಎಲ್ಲ ಅವನಿಗೆ ನಲವತ್ತೆಂಟರಲ್ಲಿ ಬಂದವೇ. ಅವನು ತೆರೆದ ಬಾಯಿ ಮುಚ್ಚಿಕೊಂಡ.

ಮುಂದಿನ ಒಂದು ವಾರ ಆ ಮನೆಯಲ್ಲಿ ಗಂಡ ಹೆಂಡತಿಯನ್ನು ಕದ್ದು ನೋಡಿದ, ಹೆಂಡತಿ ಗಂಡನನ್ನು ಕದ್ದು ನೋಡಿದಳು. ಕೇಳಿದರೆ ಅವಳು ಇಲ್ಲ ಎನ್ನುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ತಾನು ಇಪ್ಪತ್ತೆಂಟು ವರ್ಷ ಇಲ್ಲ ಎಂದವನು. ಆ "ಇಲ್ಲ"ದ ಒಳಗು ಹೊರಗು ಅವನಷ್ಟು ಬಲ್ಲವರು ಯಾರು? ಆದ್ದರಿಂದ ಸುಮ್ಮನಿದ್ದ. ಅವನ ಮೌನ ಅವಳಿಗೆ ಇನ್ನಷ್ಟು ಅನುಮಾನ ಹುಟ್ಟಿಸಿತು. ಏನೋ ಭಾರೀ ತಿಂದಿದ್ದಾನೆ ಎಂದುಕೊಂಡಳು.

ಕೊನೆಯ ಸೋಮವಾರ ಬಂತು. "ನನಗ ಬಸ್ಸಿನ ಬೋರ್ಡು ಓದಾಕ ಬರೂದಿಲ್ಲ, ನೀ ಬಾ" ಎಂದು ಅವಳನ್ನು ಹೊರಡಿಸಿದ. ದಾರಿಯುದ್ದಕ್ಕೂ ಸುನಂದಾ ಪಕ್ಕದ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. "ಸಕ್ಕರಿ ಇಳೀದಿದ್ರ ಹೆಂಗ್ರಿ?" ಎಂದು ಎರಡು ಸಲ ಕೇಳಿದಳು. "ನೋಡೂಣು" ಎಂದ. ಅವಳ ದನಿಯಲ್ಲಿ ಹೆದರಿಕೆ ಇತ್ತು. ತನಗಾಗಿಯೋ, ಅವಳಿಗಾಗಿಯೋ ಎಂದು ಯೋಚಿಸುವಷ್ಟರಲ್ಲಿ ಬಾಗಲಕೋಟೆ ಬಂತು.

ದವಾಖಾನೆಯಲ್ಲಿ ರಕ್ತ ತೆಗೆಯುವ ಹುಡುಗಿ ಅವನ ಕೈಗೆ ಸೂಜಿ ಚುಚ್ಚಿ ಮುಗಿಸಿದಳು. ಅಮಾತೆಪ್ಪ ಎದ್ದು, ಹೆಂಡತಿಯ ಮಣಿಕಟ್ಟು ಹಿಡಿದು ಕುರ್ಚಿಯ ತೋಳಿನ ಮೇಲಿಟ್ಟ.

"ಇಕೀದೂ ತಗೋರಿ ಅಕ್ಕಾರ."

"ನಂದ್ಯಾಕ್ರಿ? ನನಗೇನ ಆಗೈತಿ?"

"ಆಗಿಲ್ಲಂದ್ರ ಛಲೋ ಆತಲ್ಲ."

ಸುನಂದಾ ಕೈ ಎಳೆದುಕೊಳ್ಳಲಿಲ್ಲ. ಸಾಲಿಯಲ್ಲಿ ಮಾಸ್ತರ ಮುಂದೆ ಏಟಿಗೆ ಕೈ ಚಾಚಿ ನಿಂತ ಹುಡುಗಿಯ ಹಾಗೆ ಬೇರೆ ಕಡೆ ಮುಖ ತಿರುಗಿಸಿದಳು.

ಮಧ್ಯಾಹ್ನ ಡಾಕ್ಟರು ಎರಡೂ ಚೀಟಿ ಮುಂದಿಟ್ಟುಕೊಂಡರು. ಏಳು ದಾಟಬಾರದ ಸಕ್ಕರೆ ಅಮಾತೆಪ್ಪನದು ಆರು ಮುಕ್ಕಾಲರ ಹತ್ತಿರ ಇಳಿದಿತ್ತು. ಅವರು ಚೀಟಿಯ ಹೆಸರನ್ನು ಮತ್ತೊಮ್ಮೆ ಓದಿದರು, ಮುಖ ನೋಡಿದರು, ಹೆಸರನ್ನು ಇನ್ನೊಮ್ಮೆ ಓದಿದರು. "ಇದು ನಿಮ್ಮ ರಕ್ತನ ಹೌದಲ್ರಿ?" ಎಂದರು. ನಂತರ ಮುಂದಿನ ಗುರುವಾರ ಎಡಗಣ್ಣಿನ ಆಪರೇಷನ್ ಎಂದು ಬರೆದರು. ಸುನಂದಾಳ ಚೀಟಿ ತೆಗೆದುಕೊಂಡಾಗ ಅವರ ಹುಬ್ಬು ಗಂಟಾಯಿತು. "ಹತ್ತೂವರಿ. ಏನ್ರಿ ಅಮ್ಮಾ, ಎಷ್ಟ ದಿನದಿಂದ?"

ಅವಳು ಆ ಚೀಟಿ ಇಸಿದುಕೊಂಡು ಮಡಿಸಿ ಚೀಲಕ್ಕೆ ಹಾಕಿದಳು.

ಹೊರಗೆ ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಸುನಂದಾ ಕೇಳಿದಳು: "ಯಾವಾಗ ಗೊತ್ತಾತು?"

"ಡಬ್ಬಿಗೆ ಎಳಿ ಕಟ್ಟಿದ್ದೆ. ನೀ ಗಂಟು ಹಾಕಿದ್ದಿ."

"ಅಯ್ಯ ಶಿವನ." ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. "ಹರದ ಎಳಿ ಬಿಡಾಕ ಆಗಲಿಲ್ರಿ ನನಗ."

ಆಮೇಲೆ ಕೇಳದೆಯೇ ಹೇಳಿದಳು. ಎರಡು ವರ್ಷವಾಯಿತು. ಸೆರಗಿನ ಕೆಲಸ ಕೈಗೆ ಬಂದಾಗಿನಿಂದ. ಮೂರು ಹೊಡೆಯುವಷ್ಟರಲ್ಲಿ ಕುತ್ತಿಗೆ ಮುರಿದು ಬೀಳುವ ಹಾಗಾಗುತ್ತದೆ, ಎಳೆಗಳು ಕಣ್ಣ ಮುಂದೆ ಒಂದರೊಳಗೊಂದು ಹೊಗುತ್ತವೆ. ಎಲ್ಲರೂ ಮಲಗಿರುತ್ತಾರೆ. ಒಂದು ಉಂಡಿ ತಿಂದರೆ ಕೈ ನಡುಗುವುದು ನಿಲ್ಲುತ್ತದೆ ಎಂದು ತಿಂದಳು. "ಒಂದರ ಮ್ಯಾಲ ನಿಂದರಾಕ ಬರವಲ್ದು. ಬಾಗಲಾ ಹಾಕ್ಕೊಂಡು, ನಿಂತು ತಿಂತಿದ್ನಿ. ಗುಳಿಗಿ ನುಂಗಿದಂಗ. ಇಷ್ಟ ವರ್ಷ ನಿಮಗ ಅದಕ್ಕ ಬೈದೇನಲ್ಲ, ಹೆಂಗ ಹೇಳ್ಲಿ? ಕಡಿಮಿ ಆಗಿದ್ದೆಲ್ಲಾ ನಿಮ್ಮ ಹೆಸರಿಗೆ ತಾನ ಹೋಗ್ತಿತ್ತು. ಯಾರೂ ನನ್ನ ಕೇಳಲಿಲ್ಲ."

"ಮಗಳ ಕಡಿಂದ ನನ್ನ ಬಾಯಿ ತಗಸಿದ್ಯಲ್ಲ ಸುನಂದಾ. ಬ್ಯಾಟರಿ ಹಾಕಿ ನೋಡಿದ್ಳು. ನೀ ನೋಡಕೋತ ನಿಂತಿದ್ದಿ."

ಅವನ ದನಿ ಏರಲಿಲ್ಲ. ಅದಕ್ಕೇ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಚೀಲದಿಂದ ಫೋನು ತೆಗೆದು, ಅಲ್ಲಿಂದಲೇ ಕೆರೂರಿಗೆ ಹಚ್ಚಿದಳು.

"ಶಿವಗಂಗಾ, ಕೇಳಿಲ್ಲೆ. ಅಪ್ಪಂದು ಸಕ್ಕರಿ ಇಳದೈತಿ, ಗುರುವಾರ ಆಪರೇಷನ್. ಪಂಚಮ್ಯಾಗ ಉಂಡಿ ತಿಂದಿದ್ದು ನಾನು. ಅವರಲ್ಲ. ನನಗ ಸಕ್ಕರಿ ಬಂದೈತಿ."

ಮಾಸ್ತರಿಣಿಯ ದನಿ ಬೇವಿನ ಮರದ ಕಾಗೆಗಳಿಗೂ ಕೇಳಿಸುವಂತೆ ಬಂತು: "ಅವ್ವಾ, ಬಾಜೂಕ ಅಪ್ಪ ಕುಂತಾನೇನು? ಹಿಂಗ ಹೇಳು ಅಂತ ಅವನ ಕಲಿಸ್ಯಾನ ಹೌದಿಲ್ಲೋ?"

ಸುನಂದಾ ಇಲ್ಲವೇ ಇಲ್ಲ ಎಂದಳು, ಚೀಟಿ ಓದಿ ಹೇಳಿದಳು, ಕೊನೆಗೆ ಅತ್ತಳು. ಅತ್ತದ್ದರಿಂದ ಮಗಳ ಗುಮಾನಿ ಇನ್ನೂ ಗಟ್ಟಿಯಾಯಿತು. "ಅಪ್ಪಗ ಕೊಡು ಫೋನು" ಎಂದಳು. ಅಮಾತೆಪ್ಪ ಬೇಡವೆಂದು ಕೈಯಾಡಿಸಿದ. ಆದರೆ ಅವನ ಮೀಸೆಯ ಕೆಳಗೆ ಏನೋ ಅಲುಗಾಡುತ್ತಿತ್ತು. ನಗೆ ಅದು. ತಡೆಯಲು ನೋಡಿದ, ಆಗಲಿಲ್ಲ. ಸುನಂದಾಳೂ ಮೂಗು ಒರೆಸಿಕೊಳ್ಳುತ್ತಲೇ ನಗತೊಡಗಿದಳು. "ನಗಾಕತ್ತೀರಿ ನೀವಿಬ್ರೂ! ನನಗ ಗೊತ್ತಿತ್ತು!" ಎಂದು ಕೆರೂರು ಫೋನು ಇಟ್ಟಿತು.

ಗುರುವಾರ ಎಡಗಣ್ಣಿನ ಆಪರೇಷನ್ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ತಿಂಗಳು ಮನೆಯಲ್ಲೇ ಇರಬೇಕು, ಮಗ್ಗ ಮುಟ್ಟುವಂತಿಲ್ಲ, ಬಗ್ಗುವಂತಿಲ್ಲ. ಡಬ್ಬಿಯಲ್ಲಿ ಉಳಿದ ಉಂಡಿಗಳನ್ನು ರಾಜಮಹ್ಮದನ ಮನೆಗೆ ದಾಟಿಸಿದರು. ಸಕ್ರವ್ವನನ್ನು ಕರೆದು ಕೈತುಂಬ ಕೊಟ್ಟರು. ಆದರೆ ಮುಂದೆ ಗಣಪತಿ ಇದ್ದಾನೆ, ನವರಾತ್ರಿ ಇದೆ, ಮೋದಕ, ಕರಿಗಡಬು, ಹೋಳಿಗೆ ಸಾಲಾಗಿ ನಿಂತಿವೆ. ಮೂರು ಗಂಟೆ ದಿನಾ ಬರುತ್ತದೆ.

ಆ ಮೂರು ಗಂಟೆಗೆ ಅಮಾ­ತೆಪ್ಪ ಈಗ ಮಲಗುವುದಿಲ್ಲ. ಸೆರಗಿನ ಪಕ್ಕ ಕುರ್ಚಿ ಹಾಕಿಕೊಂಡು ನೆಟ್ಟಗೆ ಕೂರುತ್ತಾನೆ. ಬೆರಳಿನ ಗುರುತಿನಿಂದಲೇ ರೇಷ್ಮೆಯ ಎಳೆ ಬಿಡಿಸಿ ಒಂದೊಂದಾಗಿ ಕೊಡುತ್ತಾನೆ, ಅವಳು ಕೊಂಡಿ ಹಾಕುತ್ತಾಳೆ. ಹೀಗೆ ಕೆಲಸ ಬೇಗ ಸಾಗುತ್ತದೆ ಎಂದು ಅವನು ಹೇಳುತ್ತಾನೆ.

"ನನ್ನ ಕಾಯಾಕ ಕುಂತೀರಿ, ಹೌದಿಲ್ಲೋ?" ಎಂದಳು ಅವಳು, ಗಣಪತಿ ಹಬ್ಬ ಕಳೆದ ಮೇಲೆ ಒಂದು ದಿನ.

"ಹೂಂ."

"ನಿಮ್ಮನ್ನ?"

"ನೀ ಕಾಯಿ."

ಸುನಂದಾ ಎದ್ದಳು. "ನೀರ ಕುಡದ ಬರ್ತೇನಿ."

ಅವನು ಕಿವಿಗೊಟ್ಟು ಕೂತ. ಅಡುಗೆಮನೆಯಲ್ಲಿ ತಂಬಿಗೆ ಸದ್ದಾಯಿತು. ನೀರು ಸುರಿದ ಸದ್ದಾಯಿತು. ಆಮೇಲೆ ಸ್ವಲ್ಪ ಹೊತ್ತು ಯಾವ ಸದ್ದೂ ಇರಲಿಲ್ಲ. ಅವಳು ಬಂದು ಕುಳಿತು, ಕೇಳುವ ಮುಂಚೆಯೇ ಬಾಯಿ ಅಗಲಿಸಿದಳು.

"ಕರೀ ಚಶ್ಮಾದಾಗ ನನಗೇನ ಕಾಣತೈತಿ? ಊದು."

ಊದಿದಳು. ಅಮಾತೆಪ್ಪ ಮೂಗು ಮುಂದೆ ಮಾಡಿ ಮೂಸಿದ.

"ಯಾಲಕ್ಕಿ ವಾಸನಿ ಬರಾಕತ್ತೈತಿ."

"ಚಹಾದಾಗ ಹಾಕಿದ್ನಿ. ನೀವೂ ಕುಡದ್ರೆಲ್ಲ."

ಹೌದು, ಒಂದೂವರೆಗೆ ಚಹಾ ಕುಡಿದಿದ್ದರು. ಅದರಲ್ಲಿ ಏಲಕ್ಕಿ ಇತ್ತೇ? ಅವನು ನೆನಪಿಸಿಕೊಳ್ಳಲು ನೋಡಿದ. ಶುಂಠಿ ಇತ್ತು ಎಂದು ಅನಿಸಿತು. ಎರಡೂ ಇರಬಹುದು. "ಹೂಂ" ಎಂದು, ಮುಂದಿನ ಎಳೆಯನ್ನು ಅವಳ ಬೆರಳಿಗೆ ಕೊಟ್ಟ.